ಸೆಂಟರ್ ಆಡುವ ಹುಡುಗನಿಗೂ ಗಾರ್ಡ್ ಆಡುವವನಿಗೂ ಒಂದೇ ಕೊಬ್ಬಿನ ಗುರಿಯೇ?

ಮಾಟುಂಗದ ಅಪ್ಪ (ಶನಿವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನನ್ನ ಮಗ ಮುಂಬೈಯ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಕಾಂ. ಓದುತ್ತಿದ್ದಾನೆ. ಓದುವುದಕ್ಕಿಂತ ಬಾಸ್ಕೆಟ್‌ಬಾಲ್ ಆಡುವುದೇ ಹೆಚ್ಚು. ಎತ್ತರ 196 ಸೆಂ.ಮೀ., ತೂಕ 94 ಕಿಲೋ. ನಮ್ಮ ವಂಶದಲ್ಲಿ ಯಾರೂ ಇಷ್ಟು ಬೆಳೆದವರಿಲ್ಲ. ಊರಿಗೆ ಹೋದರೆ ಮಾವಿನಕಾಯಿ ಕೀಳಲು ದೋಟಿ ಹುಡುಕುವುದನ್ನೇ ಬಿಟ್ಟು ಇವನನ್ನು ಕರೆಯುತ್ತಾರೆ. ತಂಡದಲ್ಲಿ ಸೆಂಟರ್ ಆಡುತ್ತಾನೆ, ಎಂದರೆ ರಿಂಗಿನ ಹತ್ತಿರ ಜಾಗ ಹಿಡಿದು ಆಡುವ ದೊಡ್ಡಾಳು.

ಕಳೆದ ವಾರ ತಂಡದ ಹದಿನಾಲ್ಕು ಹುಡುಗರನ್ನೂ ಒಂದು ಯಂತ್ರದ ಮೇಲೆ ನಿಲ್ಲಿಸಿ, ಕೈಗೆ ಎರಡು ಹಿಡಿಕೆ ಕೊಟ್ಟು, ಮೈಯಲ್ಲಿ ಎಷ್ಟು ಕೊಬ್ಬಿದೆ ಎಂದು ಅಳೆದರು. ಪಟ್ಟಿಯನ್ನು ಹೆಸರು ಸಮೇತ ಜಿಮ್ಮಿನ ಬಾಗಿಲಿಗೆ ಅಂಟಿಸಿದರು. ಮೊದಲ ಹೆಸರು ಪಾಯಿಂಟ್ ಗಾರ್ಡ್, ಎಂದರೆ ಚೆಂಡು ಒಯ್ದು ಆಟ ನಡೆಸುವ ಹುಡುಗನದು, ಶೇ. 9.1. ಕೊನೆಯ ಹೆಸರು ನಮ್ಮವನದು, ಶೇ. 18.9, ಸುತ್ತಲೂ ಕೆಂಪು ಶಾಯಿ. ಆರು ವಾರದಲ್ಲಿ ಎಲ್ಲರೂ ಶೇ. 10ಕ್ಕೆ ಇಳಿಯಬೇಕು, ಇಲ್ಲದಿದ್ದರೆ ಬೆಂಚು ಎಂದು ತರಬೇತುದಾರರು ಹೇಳಿದ್ದಾರಂತೆ.

ಅಂದಿನಿಂದ ಹುಡುಗ ಅನ್ನ ಮುಟ್ಟುತ್ತಿಲ್ಲ. ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಾನೆ. ಅವನ ತಾಯಿ ಸಾರಿಗೆ ಒಗ್ಗರಣೆ ಹಾಕುವ ಸದ್ದಿನಲ್ಲೇ ಸಿಟ್ಟು ತೋರಿಸುತ್ತಿದ್ದಾಳೆ. ನನಗೆ ತಿಳಿಯಬೇಕಾದದ್ದು ಇಷ್ಟೇ: ಐದೂ ಸ್ಥಾನದವರಿಗೆ ಒಂದೇ ಅಂಕಿ ಹಾಕುವುದು ಸರಿಯೇ?

ನಾಗಪಾಡದ ಹಳೆಯ ಗಾರ್ಡ್ (ಶನಿವಾರ, ರಾತ್ರಿ 10:25)

ಸರಿಯೇ ಇದೆ ರಾಯರೇ. ಬೇಸರ ಮಾಡಿಕೊಳ್ಳಬೇಡಿ.

ನಾನು ಮುಂಬೈಯ ನಾಗಪಾಡದ ಅಂಗಳದಲ್ಲಿ ಆಡಿ ಬೆಳೆದವನು. ಅಬ್ಬಾಸ್ ಮೂಂತಸೀರ್ ಭಾರತ ತಂಡದ ನಾಯಕರಾಗಿ, 1970ರ ಅರ್ಜುನ ಪ್ರಶಸ್ತಿ ಪಡೆದು ಹೆಸರು ಮಾಡಿದ ಓಣಿ ಅದು. ನಮ್ಮ ಕಾಲದಲ್ಲಿ ಯಂತ್ರವೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಹುಡುಗ ಎರಡನೆಯ ಅರ್ಧದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತನೆಂದರೆ ಅವನ ವರದಿ ಬಂದಂತೆ. ಅಂಗಳ 28 ಮೀಟರ್ ಉದ್ದ, ರಿಂಗು 3.05 ಮೀಟರ್ ಎತ್ತರ. ಇವೆರಡೂ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸ್ನಾಯು ನೆಗೆಯುತ್ತದೆ, ಕೊಬ್ಬು ಸುಮ್ಮನೆ ಸವಾರಿ ಮಾಡುತ್ತದೆ. ಅಕ್ಕಿಯ ಚೀಲ ಕಟ್ಟಿಕೊಂಡು ಹಾರು ಎಂದರೆ ಯಾರು ಹಾರುತ್ತಾರೆ?

ಶೇ. 18.9 ಹೆಚ್ಚಾಯಿತು. ಅನ್ನ ಬಿಟ್ಟದ್ದು ಒಳ್ಳೆಯದೇ.

ಡೊಂಬಿವಲಿಯ ಅಕ್ಕ (ಶನಿವಾರ, ರಾತ್ರಿ 10:31)

ಅನ್ನ ಬಿಟ್ಟದ್ದು ಒಳ್ಳೆಯದಂತೆ! ಅಣ್ಣ, ನೀವು ಅಂದು ಅಭ್ಯಾಸ ಮುಗಿಸಿ ಹೋಟೆಲಿಗೆ ಹೋಗಿ ಏನು ತಿನ್ನುತ್ತಿದ್ದಿರಿ ಎಂಬುದನ್ನೂ ಬರೆಯಿರಿ.

ನಾಗಪಾಡದ ಹಳೆಯ ಗಾರ್ಡ್ (ಶನಿವಾರ, ರಾತ್ರಿ 10:38)

ಪಾವ್. ದಿನಕ್ಕೆ ಎಂಟು. ಆದರೆ ನಾನು ಗಾರ್ಡ್.

ಪುಣೆಯ ಕ್ಯಾಲಿಪರ್ (ಭಾನುವಾರ, ಬೆಳಿಗ್ಗೆ 7:15)

ಹಳೆಯ ಗಾರ್ಡ್ ಅವರು ಕೊನೆಯ ಮೂರು ಪದಗಳಲ್ಲಿ ಉತ್ತರವನ್ನು ತಾವೇ ಹೇಳಿಬಿಟ್ಟಿದ್ದಾರೆ.

ನಾನು ಪುಣೆಯಲ್ಲಿ ಫಿಸಿಯೋಥೆರಪಿಸ್ಟ್. ಹದಿನೈದು ವರ್ಷದಿಂದ ಕ್ಯಾಲಿಪರ್ ಎಂಬ ಇಕ್ಕಳದಂಥ ಸಾಧನದಿಂದ ಆಟಗಾರರ ಚರ್ಮ ಚಿವುಟಿ ಅಳೆಯುವುದೇ ಕೆಲಸ, ಅದಕ್ಕೇ ಈ ಹೆಸರು. ಅಮೆರಿಕದ ಕಾಲೇಜು ತಂಡಗಳನ್ನು ದಶಕಗಳಿಂದ ಅಳೆಯುತ್ತಾ ಬಂದಿದ್ದಾರೆ. ಸ್ಥಾನಕ್ಕೆ ತಕ್ಕಂತೆ ಮೈಕಟ್ಟು ಬೇರೆಯಾಗುತ್ತದೆ ಎಂಬುದು ಮತ್ತೆ ಮತ್ತೆ ಕಂಡ ವಿಷಯ. ಗಾರ್ಡ್‌ಗಳು ಗಿಡ್ಡ, ಹಗುರ, ಕೊಬ್ಬಿನ ಶೇಕಡಾವಾರು ಕಡಿಮೆ. ಸೆಂಟರ್‌ಗಳು ಎತ್ತರ, ಭಾರ, ಕೊಬ್ಬೂ ಹೆಚ್ಚು. ಫಾರ್ವರ್ಡ್‌ಗಳು ನಡುವೆ. ಜನ ಮರೆಯುವ ಸಂಗತಿ ಏನೆಂದರೆ, ಸೆಂಟರ್‌ಗಳಲ್ಲಿ ಕೊಬ್ಬು ಮಾತ್ರ ಹೆಚ್ಚಿರುವುದಿಲ್ಲ. ಸ್ನಾಯು, ಮೂಳೆ, ನೀರು ಎಲ್ಲ ಸೇರಿದ ಕೊಬ್ಬುರಹಿತ ತೂಕವೂ ತಂಡದಲ್ಲಿ ಎಲ್ಲರಿಗಿಂತ ಅವರಲ್ಲೇ ಹೆಚ್ಚು. ಪಟ್ಟಿಯಲ್ಲಿ ಶೇಕಡಾವಾರನ್ನು ಮಾತ್ರ ಬರೆದರೆ ಇದು ಮರೆಯಾಗುತ್ತದೆ.

ಏಕೆ ಹೀಗೆ? ಸೆಂಟರ್‌ನ ಕೆಲಸ ನೋಡಿ. ಚೆಂಡು ರಿಂಗಿಗೆ ತಗುಲುವ ಮೊದಲೇ ಎದುರಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಸೊಂಟದಿಂದ ಅವನನ್ನು ಹಿಂದಕ್ಕೆ ಒತ್ತಿ ಜಾಗ ಹಿಡಿಯಬೇಕು. ಬಾಕ್ಸ್ ಔಟ್ ಎನ್ನುತ್ತಾರಲ್ಲ, ಅದು. ಅಲ್ಲಿ ತೂಕ ಹೊರೆಯಲ್ಲ, ಲಂಗರು. ಗಾರ್ಡ್ ಇಡೀ ಆಟ ದಿಕ್ಕು ಬದಲಿಸುತ್ತಾ ಓಡುತ್ತಾನೆ, ಪ್ರತಿ ತಿರುವಿನಲ್ಲೂ ತನ್ನ ತೂಕವನ್ನು ತಾನೇ ನಿಲ್ಲಿಸಿ ಮತ್ತೆ ಎಳೆಯಬೇಕು. ಅವನಿಗೆ ಒಂದು ಕಿಲೋ ಹೆಚ್ಚುವರಿಯೂ ದುಬಾರಿ.

ಇನ್ನೊಂದು ಸೂಕ್ಷ್ಮವಿದೆ. ಸೆಂಟರ್‌ಗಳ ಸರಾಸರಿ ಹೆಚ್ಚೆಂದರೆ ಸೆಂಟರ್‌ಗೆ ಅಷ್ಟು ಕೊಬ್ಬು ಬೇಕು ಎಂದು ಅರ್ಥವಲ್ಲ. ಎತ್ತರ ಮತ್ತು ತೂಕ ಇರುವವರನ್ನೇ ಹುಡುಕಿ ಆ ಜಾಗದಲ್ಲಿ ನಿಲ್ಲಿಸುತ್ತಾರೆ, ಆಮೇಲೆ ಅವರನ್ನು ಅಳೆದು ಸರಾಸರಿ ತೆಗೆಯುತ್ತಾರೆ. ಸರಾಸರಿ ಎಂಬುದು ಯಾರನ್ನು ಆರಿಸಿದರು ಎಂಬ ಲೆಕ್ಕ. ಅದನ್ನು ಗುರಿ ಮಾಡಿಕೊಂಡರೆ ತಪ್ಪು. ಗಾರ್ಡ್‌ನ ಸರಾಸರಿಯನ್ನು ಸೆಂಟರ್‌ಗೆ ಗುರಿ ಮಾಡಿದರೆ ಎರಡು ಪಟ್ಟು ತಪ್ಪು. ನಿಮ್ಮ ಮಗನ ತರಬೇತುದಾರರು ಮಾಡಿದ್ದು ಎರಡನೆಯದು.

ಹೆಸರು ಸಮೇತ ಬಾಗಿಲಿಗೆ ಅಂಟಿಸಿದ್ದರ ಬಗ್ಗೆ ಬರೆಯಲು ಹೊರಟರೆ ಭಾಷೆ ಕೆಡುತ್ತದೆ, ಅದನ್ನು ಬಿಡುತ್ತೇನೆ.

ವಾಶಿಯ ಲೆಕ್ಕಿಗ (ಭಾನುವಾರ, ಬೆಳಿಗ್ಗೆ 9:02)

ಮೊದಲು ಆರು ವಾರದ ಗಡುವಿನ ಲೆಕ್ಕ ಮಾಡೋಣ. 94 ಕಿಲೋದಲ್ಲಿ ಶೇ. 18.9 ಎಂದರೆ 17.8 ಕಿಲೋ ಕೊಬ್ಬು, ಉಳಿದ 76.2 ಕಿಲೋ ಕೊಬ್ಬುರಹಿತ. ಈ 76.2 ಒಂದು ಗ್ರಾಮೂ ಕರಗದೆ ಶೇ. 10ಕ್ಕೆ ಇಳಿಯಬೇಕಾದರೆ ಹುಡುಗ 84.7 ಕಿಲೋ ತೂಗಬೇಕು. 9.3 ಕಿಲೋ ಶುದ್ಧ ಕೊಬ್ಬು ಹೋಗಬೇಕು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕಿಲೋಕ್ಯಾಲೊರಿ ಎಂದು ಹಿಡಿದರೆ ದಿನಕ್ಕೆ 1,700 ಕಡಿತ. ಅದೂ ದಿನಾ ಎರಡು ಹೊತ್ತು ಅಭ್ಯಾಸ ಮಾಡುವವನಿಗೆ. ಸ್ನಾಯು ಕರಗದೆ ಇದು ಆಗುವ ಮಾತಲ್ಲ.

ಆದರೆ ನನಗೆ 18.9ರ ಮೇಲೆಯೇ ಅನುಮಾನ. ಯಂತ್ರ ಚೀಟಿ ಕೊಟ್ಟಿರುತ್ತದಲ್ಲ, ಅದರಲ್ಲಿ ಇನ್ನೇನು ಬರೆದಿದೆ?

ಮಾಟುಂಗದ ಅಪ್ಪ (ಭಾನುವಾರ, ಮಧ್ಯಾಹ್ನ 1:20)

ಚೀಟಿ ಸಿಕ್ಕಿತು. ಮಗನ ಪ್ಯಾಂಟಿನ ಜೇಬಿನಲ್ಲಿ ಒಂದು ಬಾರಿ ಒಗೆತ ಕಂಡಿದೆ, ಮೇಲಿನ ಅರ್ಧ ಮುದ್ದೆಯಾಗಿದೆ. ಓದಲು ಸಿಗುವುದು ಇಷ್ಟು: ತೂಕ 94.0, ಕೊಬ್ಬು ಶೇ. 18.9, ಬಿಎಂಐ 27.2. ಪಕ್ಕದಲ್ಲಿ ಒಂದು ದಪ್ಪನೆಯ ಗೊಂಬೆಯ ಚಿತ್ರವನ್ನೂ ಮುದ್ರಿಸಿದ್ದಾರೆ, ಅದರ ಅಗತ್ಯ ಏನಿತ್ತೋ.

ವಾಶಿಯ ಲೆಕ್ಕಿಗ (ಭಾನುವಾರ, ಮಧ್ಯಾಹ್ನ 1:34)

ರಾಯರೇ, ನಿಲ್ಲಿ. ಬಿಎಂಐ ಎಂದರೆ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. 1.96ರ ವರ್ಗ 3.84. 94ನ್ನು ಭಾಗಿಸಿದರೆ 24.5 ಬರಬೇಕು, 27.2 ಅಲ್ಲ. ಉಲ್ಟಾ ಲೆಕ್ಕ ಹಾಕಿದೆ: 27.2 ಬರಬೇಕಾದರೆ ಎತ್ತರ 1.86 ಮೀಟರ್ ಇರಬೇಕು.

ಯಾರೋ 196ರ ಬದಲು 186 ಒತ್ತಿದ್ದಾರೆ.

ಡೊಂಬಿವಲಿಯ ಅಕ್ಕ (ಭಾನುವಾರ, ಮಧ್ಯಾಹ್ನ 1:36)

ಅಯ್ಯೋ ರಾಮ. ಒಂದು ಬೆರಳು ತಪ್ಪಿದ್ದಕ್ಕೆ ಹುಡುಗ ಒಂದು ವಾರ ಮಜ್ಜಿಗೆ ಕುಡಿದು ಮಲಗಿದನೇ?

ನಾಗಪಾಡದ ಹಳೆಯ ಗಾರ್ಡ್ (ಭಾನುವಾರ, ಮಧ್ಯಾಹ್ನ 2:10)

ಎತ್ತರ ತಪ್ಪಾದರೆ ಬಿಎಂಐ ತಪ್ಪಾಗುತ್ತದೆ, ಒಪ್ಪಿದೆ. ಕೊಬ್ಬು ಏಕೆ ತಪ್ಪಾಗಬೇಕು? ಯಂತ್ರ ಕೊಬ್ಬನ್ನು ಅಳೆಯುತ್ತದಲ್ಲವೇ?

ಪುಣೆಯ ಕ್ಯಾಲಿಪರ್ (ಭಾನುವಾರ, ಸಂಜೆ 5:50)

ಇಲ್ಲ ಅಣ್ಣ, ಯಂತ್ರ ಕೊಬ್ಬನ್ನು ನೋಡುವುದೇ ಇಲ್ಲ. ಇದು ಎಲ್ಲರಿಗೂ ಇರುವ ತಪ್ಪು ತಿಳಿವಳಿಕೆ.

ಆ ಯಂತ್ರ ಅಳೆಯುವುದು ಎರಡೇ: ತೂಕ ಮತ್ತು ವಿದ್ಯುತ್ತಿಗೆ ಮೈ ಒಡ್ಡುವ ತಡೆ. ನೀರು ತುಂಬಿದ ಸ್ನಾಯುವಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಎತ್ತರದ ವರ್ಗವನ್ನು ಈ ತಡೆಯಿಂದ ಭಾಗಿಸಿ, ವಯಸ್ಸು ಲಿಂಗ ಸೇರಿಸಿ, ಒಂದು ಸೂತ್ರದಿಂದ ಕೊಬ್ಬುರಹಿತ ತೂಕವನ್ನು ಅಂದಾಜು ಮಾಡುತ್ತದೆ. ತೂಕದಲ್ಲಿ ಅದನ್ನು ಕಳೆದು ಉಳಿದದ್ದೆಲ್ಲ ಕೊಬ್ಬು ಎಂದು ಮುದ್ರಿಸುತ್ತದೆ. ಎತ್ತರ ಹತ್ತು ಸೆಂಟಿಮೀಟರ್ ಕಡಿಮೆ ಹಾಕಿದರೆ ನಾಲ್ಕು ಕಿಲೋದಷ್ಟು ಸ್ನಾಯು ಕಾಗದದ ಮೇಲೆ ಕೊಬ್ಬಾಗಿಬಿಡುತ್ತದೆ. ನಿಮ್ಮ ಮಗನ ವಿಷಯದಲ್ಲಿ ಆಗಿರುವುದು ಹೆಚ್ಚುಕಡಿಮೆ ಅಷ್ಟೇ ಇರಬೇಕು.

ಎತ್ತರ ಸರಿ ಹಾಕಿದರೂ ನೀರು ಕುಡಿದಿದ್ದೀರಾ, ಬೆವರಿದ್ದೀರಾ, ಆಗತಾನೇ ಓಡಿ ಬಂದಿದ್ದೀರಾ ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ಮೇ ತಿಂಗಳ ಮುಂಬೈಯಲ್ಲಿ ಅಭ್ಯಾಸ ಮುಗಿಸಿದ ಹುಡುಗನನ್ನು ಅದರ ಮೇಲೆ ನಿಲ್ಲಿಸುವುದು ಮಳೆಯಲ್ಲಿ ನೆನೆದ ಹತ್ತಿ ತೂಗಿದಂತೆ.

ಹಾಗಾದರೆ ಯಾವುದು ಸರಿ? ಡೆಕ್ಸಾ ಸ್ಕ್ಯಾನ್ ಉತ್ತಮ. ಎರಡು ಬೇರೆ ಶಕ್ತಿಯ ಎಕ್ಸ್-ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದ ಮಾಂಸ ಮೂರನ್ನೂ ಬೇರ್ಪಡಿಸುತ್ತದೆ. ಆದರೆ ಅದರ ಮಂಚದ ಅಳತೆಯ ಕ್ಷೇತ್ರ ಸಾಮಾನ್ಯವಾಗಿ 195 ಸೆಂ.ಮೀ. ಆಸುಪಾಸಿಗೆ ಮುಗಿಯುತ್ತದೆ. ಸೆಂಟರ್‌ಗಳ ತಲೆಯೋ ಪಾದವೋ ಹೊರಗೆ ಉಳಿಯುತ್ತದೆ. ಎರಡು ತುಂಡಾಗಿ ಸ್ಕ್ಯಾನ್ ಮಾಡಿ ಕೂಡಿಸಬೇಕು. ಯಾರನ್ನು ಸರಿಯಾಗಿ ಅಳೆಯಬೇಕೋ ಅವರೇ ಯಂತ್ರಕ್ಕೆ ಹಿಡಿಸುವುದಿಲ್ಲ.

ಹಳೆಯ ಪದ್ಧತಿ ನೀರಿನಲ್ಲಿ ಮುಳುಗಿಸಿ ತೂಗುವುದು. ಅದರಿಂದ ಸಿಕ್ಕ ಸಾಂದ್ರತೆಯನ್ನು 1961ರ ಸೀರಿ ಸೂತ್ರಕ್ಕೆ ಹಾಕುತ್ತಾರೆ: 495ನ್ನು ಸಾಂದ್ರತೆಯಿಂದ ಭಾಗಿಸಿ 450 ಕಳೆಯುವುದು. ಎಲ್ಲರ ಕೊಬ್ಬುರಹಿತ ಭಾಗದ ಸಾಂದ್ರತೆ 1.1 ಎಂದು ಅದು ನಂಬಿಕೊಂಡಿದೆ. ವರ್ಷಗಟ್ಟಲೆ ನೆಗೆದು ಮೂಳೆ ಗಟ್ಟಿಯಾದ ಆಟಗಾರ ಆ ನಂಬಿಕೆಗೆ ಒಗ್ಗುವುದಿಲ್ಲ, ಇರುವುದಕ್ಕಿಂತ ಕಡಿಮೆ ಕೊಬ್ಬು ತೋರಿಸುತ್ತದೆ.

ನನ್ನ ಪಾಲಿಗೆ ಕ್ಯಾಲಿಪರ್ ಸಾಕು. ತೋಳಿನ ಹಿಂಭಾಗ, ಹೆಗಲಿನ ಮೂಳೆಯ ಕೆಳಗೆ, ಹೊಟ್ಟೆ, ತೊಡೆ, ಮೀನಖಂಡ ಹೀಗೆ ಎಂಟು ಕಡೆ ಗುರುತು ಹಾಕುತ್ತೇನೆ. ಹೆಬ್ಬೆರಳು ತೋರುಬೆರಳಿನಿಂದ ಚರ್ಮವನ್ನು ಕೆಳಗಿನ ಸ್ನಾಯುವಿನಿಂದ ಬಿಡಿಸಿ ಎತ್ತಿ, ಒಂದು ಸೆಂಟಿಮೀಟರ್ ಪಕ್ಕದಲ್ಲಿ ಕ್ಯಾಲಿಪರ್ ಕಚ್ಚಿಸಿ, ಎರಡು ಸೆಕೆಂಡ್ ಕಾದು ಓದುತ್ತೇನೆ. ಎಂಟರ ಮೊತ್ತವನ್ನು ಮಿಲಿಮೀಟರಿನಲ್ಲೇ ಇಡುತ್ತೇನೆ, ಶೇಕಡಾಕ್ಕೆ ತಿರುಗಿಸುವುದಿಲ್ಲ. ಜೂನ್‌ನಲ್ಲಿ 95 ಇದ್ದದ್ದು ಸೆಪ್ಟೆಂಬರ್‌ನಲ್ಲಿ 84 ಆಯಿತೇ? ಹುಡುಗ ಅವನಿಗಿಂತ ಅವನೇ ತೆಳ್ಳಗಾದ ಎಂದು ಅರ್ಥ. ಪಾಯಿಂಟ್ ಗಾರ್ಡ್‌ನ ಜೊತೆ ಹೋಲಿಕೆ ಬೇಕಾಗಿಯೇ ಇಲ್ಲ.

ಕಲ್ಯಾಣದ ಪ್ರೇಕ್ಷಕ (ಭಾನುವಾರ, ಸಂಜೆ 6:30)

ಅಮೆರಿಕದ ಜಿಯಾನ್ ವಿಲಿಯಮ್ಸನ್ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆಡುವಾಗ 201 ಸೆಂ.ಮೀ. ಎತ್ತರಕ್ಕೆ 129 ಕಿಲೋ ಎಂದು ಬರೆದಿದ್ದರು. ರಿಂಗಿನ ಮೇಲೆ ಹಾರುತ್ತಿದ್ದ. ಅವನ ಬಿಎಂಐ ಕೇಳಿದ್ದರೆ ಯಂತ್ರ ಯಾವ ಗೊಂಬೆಯ ಚಿತ್ರ ಮುದ್ರಿಸುತ್ತಿತ್ತೋ!

ನಾಗಪಾಡದ ಹಳೆಯ ಗಾರ್ಡ್ (ಭಾನುವಾರ, ಸಂಜೆ 7:05)

ಅಪರೂಪಕ್ಕೆ ಹುಟ್ಟುವವರನ್ನು ಉದಾಹರಣೆಗೆ ತರಬೇಡಿ ಎಂದು ಹೇಳುತ್ತಾ ನಾನೂ ಒಬ್ಬನನ್ನು ತರುತ್ತೇನೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಓದಿದ ಗಾರ್ಡ್ ಮಗ್ಸಿ ಬೋಗ್ಸ್ 160 ಸೆಂ.ಮೀ. ಮಾತ್ರ. ಪಂಜಾಬಿ ಮೂಲದ ಸಿಮ್ ಭುಲ್ಲರ್ ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಆಡಿದ, 226 ಸೆಂ.ಮೀ., 160 ಕಿಲೋ ದಾಟಿದ ತೂಕ. 2015ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವನಾದ. ಇವರಿಬ್ಬರಿಗೂ ಒಂದೇ ಗುರಿ ಹಾಕಿದ್ದರೆ ನಗು ಬರುತ್ತಿತ್ತು. ಅಷ್ಟು ಮಾತ್ರಕ್ಕೆ ಪುಣೆಯ ತಂಗಿಯ ಮಾತು ಒಪ್ಪುತ್ತೇನೆ.

ಆದರೆ ಇದನ್ನೂ ಕೇಳಿ. 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಎನ್‌ಬಿಎ ತಂಡಗಳಾದ ಪೇಸರ್ಸ್ ಮತ್ತು ಕಿಂಗ್ಸ್ ಆಡಿದಾಗ ನಾನು ಹೋಗಿದ್ದೆ. ಒಳಗೆ ಆಡುವ ದೊಡ್ಡವರೂ ಮೂರು ಪಾಯಿಂಟ್ ಗೆರೆಯ ಆಚೆ ಬಂದು ಚೆಂಡು ಎಸೆಯುತ್ತಿದ್ದರು, ಮರುಕ್ಷಣ ಗಾರ್ಡ್‌ನ ಹಿಂದೆ ಓಡುತ್ತಿದ್ದರು. ರಿಂಗಿನ ಕೆಳಗೆ ಕಂಬದಂತೆ ನಿಲ್ಲುವ ಸೆಂಟರ್‌ನ ಕಾಲ ಮುಗಿಯುತ್ತಾ ಬಂದಿದೆ. ಲಂಗರು ಲಂಗರು ಎಂದು ಹುಡುಗನನ್ನು ಕೂರಿಸಿಬಿಡಬೇಡಿ.

ಪುಣೆಯ ಕ್ಯಾಲಿಪರ್ (ಭಾನುವಾರ, ರಾತ್ರಿ 8:12)

ಈ ಮಾತಿಗೆ ನನ್ನ ತಕರಾರಿಲ್ಲ. ಆಟ ಬದಲಾದಂತೆ ಸ್ಥಾನಗಳ ನಡುವಿನ ಗೋಡೆ ತೆಳುವಾಗುತ್ತಿದೆ. ಸೆಂಟರ್ ಎಂಬ ಹೆಸರಿಗಿಂತ ಈ ತಂಡದಲ್ಲಿ ಈ ಹುಡುಗನಿಗೆ ಕೊಟ್ಟಿರುವ ಕೆಲಸ ಏನು ಎಂದು ಕೇಳುವುದು ಮೇಲು.

ಇನ್ನು ಬಿಎಂಐ ಬಗ್ಗೆ ನಮ್ಮ ಊರಿನದೇ ಒಂದು ಸಂಗತಿ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿ ಒಂದು ಪುಟ ಬರೆದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನಮ್ಮ ಮೈಯ ಗುಣವೇ ಅದು, ಸಣಕಲಾಗಿ ಕಂಡರೂ ಒಳಗೆ ಕೊಬ್ಬು. ಅದಕ್ಕೇ ಭಾರತದಲ್ಲಿ 25ರ ಬದಲು 23ನ್ನೇ ಅಧಿಕ ತೂಕದ ಗೆರೆ ಎಂದು ಹಿಡಿಯುತ್ತಾರೆ. ಅಮೆರಿಕದ ಹುಡುಗರ ಅಂಕಿಯನ್ನು ಇಲ್ಲಿನ ಕಾಲೇಜಿನ ಬಾಗಿಲಿಗೆ ಹಾಗೆಯೇ ಅಂಟಿಸಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ಡೊಂಬಿವಲಿಯ ಅಕ್ಕ (ಭಾನುವಾರ, ರಾತ್ರಿ 9:30)

ನಾನು ಮನೆಯಿಂದ ಡಬ್ಬಿ ಕಳಿಸುವ ಕೆಲಸ ಮಾಡುವವಳು, ಸೂತ್ರ ತಿಳಿಯದು. ಆದರೆ ಹೆಣ್ಣುಮಕ್ಕಳ ಮಾತು ಇಲ್ಲಿ ಯಾರೂ ಎತ್ತಲಿಲ್ಲ.

ಮಗಳು ಮೂರು ವರ್ಷದ ಹಿಂದೆ ಕಾಲೇಜಿಗೆ ಗಾರ್ಡ್ ಆಡುತ್ತಿದ್ದಳು. ಅವಳಿಗೂ ಯಾರೋ ಒಂದು ಅಂಕಿ ಹೇಳಿದರು, ಹುಡುಗರ ತಂಡದ ಪಟ್ಟಿಯಿಂದ ಎತ್ತಿದ್ದು. ಡಬ್ಬಿ ತುಂಬಿಸಿ ಕೊಟ್ಟರೆ ಬೆಳಗಿನ ಲೋಕಲ್‌ನಲ್ಲಿ ಗೆಳತಿಯರಿಗೆ ಹಂಚಿ ಖಾಲಿ ಡಬ್ಬಿ ತರುತ್ತಿದ್ದಳು. ನಾನು ಹಿಗ್ಗುತ್ತಿದ್ದೆ, ಎಲ್ಲ ತಿಂದಳೆಂದು. ನಾಲ್ಕು ತಿಂಗಳು ಮುಟ್ಟು ನಿಂತಿತು. ಹೇಳಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಂದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು. ಕಾಲು ನೋವಿಗೂ ಅದಕ್ಕೂ ಏನು ಸಂಬಂಧ ಎಂದು ನಾನು ಜಗಳಕ್ಕೇ ಹೋಗಿದ್ದೆ.

ಪುಣೆಯ ಕ್ಯಾಲಿಪರ್ (ಭಾನುವಾರ, ರಾತ್ರಿ 9:52)

ಅಕ್ಕ, ಬರೆದದ್ದು ಒಳ್ಳೆಯದಾಯಿತು. ಸಂಬಂಧ ನೇರವಾಗಿದೆ. ಆಟಕ್ಕೆ ಖರ್ಚಾದ ಮೇಲೆ ದೇಹ ನಡೆಸಲು ಶಕ್ತಿ ಉಳಿಯದಿದ್ದರೆ ಮೈ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಮೂಳೆ ಸವೆಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದನ್ನು ಗಂಡುಮಕ್ಕಳಿಗೂ ಅನ್ವಯಿಸುವಂತೆ ವಿಸ್ತರಿಸಿ ಹೇಳಿತು. ಬದುಕಲು ಬೇಕೇ ಬೇಕಾದ ಕೊಬ್ಬು ಗಂಡಸರಲ್ಲಿ ಶೇ. 3ರಷ್ಟಾದರೆ ಹೆಂಗಸರಲ್ಲಿ ಶೇ. 12ರ ಆಸುಪಾಸು. ಹುಡುಗರ ಶೇ. 10 ಹುಡುಗಿಗೆ ಗುರಿ ಎಂದರೆ ಅದು ಗುರಿಯಲ್ಲ, ಕಾಯಿಲೆ. ಹುಡುಗಿಯರ ತಂಡಗಳಲ್ಲೂ ಗಾರ್ಡ್ ತೆಳ್ಳಗೆ, ಸೆಂಟರ್ ಭಾರ ಎಂಬ ಕ್ರಮವೇ ಕಾಣುತ್ತದೆ, ಆದರೆ ಇಡೀ ಏಣಿಯೇ ಮೇಲಿನಿಂದ ಶುರುವಾಗುತ್ತದೆ.

ಮಗಳು ಈಗ ಹೇಗಿದ್ದಾಳೆ?

ಡೊಂಬಿವಲಿಯ ಅಕ್ಕ (ಭಾನುವಾರ, ರಾತ್ರಿ 9:55)

ಚೆನ್ನಾಗಿದ್ದಾಳೆ. ಡಬ್ಬಿ ಈಗ ನಾನು ನೋಡುವಾಗಲೇ ಖಾಲಿ ಮಾಡುತ್ತಾಳೆ.

ಮಾಟುಂಗದ ಅಪ್ಪ (ಗುರುವಾರ, ರಾತ್ರಿ 10:05)

ಸುದ್ದಿ ಇದೆ. ಬುಧವಾರ ಕಾಲೇಜಿಗೆ ಹೋಗಿ ತರಬೇತುದಾರರನ್ನು ಕಂಡೆ. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ, ಅವಕಾಶ ಸಿಗಲಿಲ್ಲ. ಒಗೆದ ಚೀಟಿಯ ಮೇಲೆ ವಾಶಿಯವರ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದು ಮುಂದಿಟ್ಟೆ. ಅವರು ಎರಡು ಸಲ ಭಾಗಿಸಿ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಎತ್ತರ 196 ಹಾಕಿ, ಇನ್ನೊಮ್ಮೆ ನಿಲ್ಲಿಸಿದರು. ಶೇ. 14.5.

ಬಾಗಿಲಿನ ಪಟ್ಟಿ ತೆಗೆದಿದ್ದಾರೆ. ಶೇ. 10ರ ಮಾತು ಪೂರ್ತಿ ಬಿಟ್ಟಿಲ್ಲ, 'ನೋಡೋಣ' ಎಂದರು. ಹುಡುಗ ಅನ್ನಕ್ಕೆ ಮರಳಿದ್ದಾನೆ, ಆದರೆ ಬಡಿಸುವಾಗ ಅಂಗೈ ಅಡ್ಡ ಹಿಡಿಯುವುದು ಇನ್ನೂ ಹೋಗಿಲ್ಲ.

ವಾಶಿಯ ಲೆಕ್ಕಿಗ (ಗುರುವಾರ, ರಾತ್ರಿ 10:40)

14.5 ಹಿಡಿದು ಹೊಸ ಲೆಕ್ಕ. ಕೊಬ್ಬು 13.6 ಕಿಲೋ, ಕೊಬ್ಬುರಹಿತ 80.4. ಇದನ್ನು ಎತ್ತರದ ವರ್ಗದಿಂದ ಭಾಗಿಸಿದರೆ 20.9. ಆ ಪಾಯಿಂಟ್ ಗಾರ್ಡ್ ಹುಡುಗನ ಎತ್ತರ ತೂಕ ಗೊತ್ತೇ?

ಮಾಟುಂಗದ ಅಪ್ಪ (ಗುರುವಾರ, ರಾತ್ರಿ 10:44)

ಮಗನನ್ನು ಕೇಳಿದೆ. 175 ಸೆಂ.ಮೀ., 68 ಕಿಲೋ.

ವಾಶಿಯ ಲೆಕ್ಕಿಗ (ಗುರುವಾರ, ರಾತ್ರಿ 10:51)

ಶೇ. 9.1 ತೆಗೆದರೆ ಅವನಲ್ಲಿ ಉಳಿಯುವುದು 61.8 ಕಿಲೋ, ಎತ್ತರದ ವರ್ಗದಿಂದ ಭಾಗಿಸಿದರೆ 20.2. ಎತ್ತರಕ್ಕೆ ತಕ್ಕ ಸ್ನಾಯು ನೋಡಿದರೆ ಪಟ್ಟಿಯ ಕೊನೆಯವನು ಮೊದಲನೆಯವನಿಗಿಂತ ಒಂದು ಕೂದಲು ಮುಂದೆಯೇ ಇದ್ದಾನೆ. ಹುಡುಗನಿಗೆ ಇದನ್ನು ತೋರಿಸಿ.

ಪುಣೆಯ ಕ್ಯಾಲಿಪರ್ (ಶುಕ್ರವಾರ, ಬೆಳಿಗ್ಗೆ 6:55)

ತೋರಿಸಿ. ಜೊತೆಗೆ ಇದನ್ನೂ ಹೇಳಿ: ಒಂದೆರಡು ಕಿಲೋ ಇಳಿಸಿದರೆ ಅವನಿಗೆ ನಷ್ಟವಿಲ್ಲ, ಮಂಡಿಗಳಿಗೆ ಹಿತವೇ. ಆರು ವಾರದಲ್ಲಲ್ಲ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ, ವಾರಕ್ಕೆ ಅರ್ಧ ಕಿಲೋ ಮೀರದಂತೆ, ಬೇಳೆ ಮೊಸರು ಮೊಟ್ಟೆ ಬಿಡದೆ. ಪ್ರತಿ ವಾರ ಗೋಡೆಗೆ ಸೀಮೆಸುಣ್ಣ ಹಚ್ಚಿದ ಬೆರಳಿನಿಂದ ಹಾರಿ ಗುರುತು ಹಾಕಲಿ. ತೂಕ ಇಳಿದಂತೆ ಗುರುತೂ ಇಳಿದರೆ ಸ್ನಾಯು ಹೋಗುತ್ತಿದೆ ಎಂದು ತಿಳಿದು ನಿಲ್ಲಿಸಲಿ.

ನಾಗಪಾಡದ ಹಳೆಯ ಗಾರ್ಡ್ (ಶುಕ್ರವಾರ, ಬೆಳಿಗ್ಗೆ 8:20)

ರಾಯರೇ, ಅನ್ನ ಬಿಟ್ಟದ್ದು ಒಳ್ಳೆಯದು ಎಂದು ಶನಿವಾರ ಬರೆದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಂಡೆ. ಉಳಿದದ್ದನ್ನು ಇಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಗೆ ಹುಡುಗನನ್ನು ನಾಗಪಾಡಕ್ಕೆ ಕಳಿಸಿ. ಬಾಕ್ಸ್ ಔಟ್ ಮಾಡುವಾಗ ಪಾದ ಎಲ್ಲಿಡಬೇಕು ಎಂದು ಇಲ್ಲಿನ ಅರವತ್ತು ದಾಟಿದ ಸೆಂಟರ್ ಒಬ್ಬರು ತೋರಿಸುತ್ತಾರೆ. ಅವರ ಕೊಬ್ಬು ಎಷ್ಟೆಂದು ದಯವಿಟ್ಟು ಯಾರೂ ಕೇಳಬೇಡಿ. ಆಟ ಮುಗಿದ ಮೇಲೆ ತಿಂಡಿ ನನ್ನದು.

ಡೊಂಬಿವಲಿಯ ಅಕ್ಕ (ಶುಕ್ರವಾರ, ಬೆಳಿಗ್ಗೆ 8:24)

ಎಂಟು ಪಾವ್ ಅಲ್ಲ ತಾನೇ?